ಅಮ್ಮನ ನೂರನಲವತ್ತು ಡಿಗ್ರಿ

ಮನೆ, ಅಡುಗೆಮನೆಯ ಮೇಜು
ಮಂಗಳವಾರ, 11ನೇ ತಾರೀಕು, ಬೆಳಿಗ್ಗೆ ಹತ್ತೂವರೆ

ಪ್ರೀತಿಯ ತಮ್ಮ ಗಡಿಬಿಡಿಗೆ,

ಅಕ್ಕನ ಆಶೀರ್ವಾದ. ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ದಿನವಿಡೀ ದೀಪದ ಕೆಳಗೆ ಬಗ್ಗಿ ಕೂತು ಕಂಡವರ ಬಾಯಿಗೆಲ್ಲ ಹಲ್ಲಿನ ಸೆಟ್ಟು ಮಾಡುವವನು ನೀನು, ಗಂಟೆಗೊಮ್ಮೆ ಎದ್ದು ಓಡಾಡು ಅಂತ ಎಷ್ಟು ಸಲ ಹೇಳಿದ್ದೇನೆ. ಬಿಸಿನೀರಿನ ಚೀಲ ಇಟ್ಟುಕೋ. ಕ್ಷೇಮ ವಿಚಾರಿಸಿದ್ದು ಮುಗಿಯಿತು, ಇನ್ನು ಬೈಯುತ್ತೇನೆ, ಕೂತುಕೊಂಡು ಓದು. ಫೋನಿನಲ್ಲೇ ಬೈಯಬಹುದಿತ್ತು. ಆದರೆ ನಾನು ದನಿ ಏರಿಸಿದ ಕೂಡಲೇ ನಿನ್ನ ಕಡೆ ಸಿಗ್ನಲ್ ಹೋಗಿಬಿಡುತ್ತದೆ, ಅದು ಯಾವ ಮಾಯೆಯೋ ಕಾಣೆ. ಕಾಗದಕ್ಕೆ ಸಿಗ್ನಲ್ ಬೇಡ. ಈ ಸಲ ಲಕೋಟೆಯ ಮೇಲೆ ನನ್ನ ಕೋಳಿಕಾಲಿನ ಅಕ್ಷರ ನೋಡಿ ಗಾಬರಿಯಾಗಬೇಡ. ನಮ್ಮ ಮನೆಯಿಂದ ಹೋಗುವ ಕಾಗದಕ್ಕೆಲ್ಲ ಅಮ್ಮನೇ ವಿಳಾಸ ಬರೆಯುವುದು ತಾನೆ. ಆಫೀಸಿನ ಟಪಾಲು ವಿಭಾಗದಲ್ಲಿ ಮೂವತ್ತು ವರ್ಷ ಅದನ್ನೇ ಮಾಡಿದ ಕೈ ಅದು. ಒಳಗಿರುವುದು ಸರಿಯಾದ ಕಾಗದವೇ ಎಂದು ಪೂರ್ತಿ ಓದಿ ನೋಡದೆ ಅವಳು ಇವತ್ತಿಗೂ ಪೆನ್ನಿನ ಮುಚ್ಚಳ ತೆಗೆಯುವುದಿಲ್ಲ. ಇದನ್ನು ಅವಳು ಓದಬಾರದು. ಅದಕ್ಕೇ ಅಂಗಡಿಗೆ ರಜೆ ಹಾಕಿ, ಅವಳು ತರಕಾರಿಗೆ ಹೋದ ಹೊತ್ತಿನಲ್ಲಿ ಬರೆಯುತ್ತಿದ್ದೇನೆ.

ನೀನು ಬೇಕಿಂಗ್ ಮಾಡುವುದನ್ನು ನಾನು ಯಾವತ್ತಾದರೂ ಹೀಯಾಳಿಸಿದ್ದೇನೆಯೇ? ಗಂಡಸಾಗಿ ಮೊಟ್ಟೆ ಕಲಕುತ್ತಾ ಕೂರುತ್ತಾನೆ ಎಂದು ನೆಂಟರು ನಕ್ಕಾಗ ಅವರ ಬಾಯಿ ಮುಚ್ಚಿಸಿದವಳು ನಾನು. ಬೆಳಿಗ್ಗೆ ಹಲ್ಲು, ಸಂಜೆ ಆ ಹಲ್ಲಿಗೆ ಅಂಟಿಕೊಳ್ಳುವ ಕೇಕು, ಒಳ್ಳೇ ಕಸುಬು ಕಣೋ ಅಂತ ತಮಾಷೆ ಮಾಡಿದ್ದೇನೆ, ಅಷ್ಟೇ. ದಿನಾ ಹಿಟ್ಟು ಉಣಿಸದಿದ್ದರೆ ಸಾಯುವ ನಿನ್ನ ಬ್ರೆಡ್ಡಿನ ಹುಳಿಹಿಟ್ಟು ಉಪವಾಸ ಬೀಳಬಾರದೆಂದು ಅದನ್ನು ಡಬ್ಬಿಯಲ್ಲಿ ಹಾಕಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆಯಲ್ಲ, ಆಗಲೂ ನಾನು ನಗಲಿಲ್ಲ. ಲೋಕದಲ್ಲಿ ಯಾರು ಯಾವ ಮೂಲೆಯಲ್ಲಿ ಏನು ಬೇಯಿಸಿದರೂ ನಿನಗೆ ಗೊತ್ತು. ಉಪ್ಪನ್ನು ಗ್ರಾಮಿನ ಲೆಕ್ಕದಲ್ಲಿ ತೂಗುತ್ತೀಯ. ಬೇರೆಯವರ ರೆಸಿಪಿಯನ್ನು ನಾಲ್ಕು ಸಲ ಮಾಡಿ ನೋಡದೆ ನಿನ್ನ ಪೇಜಿಗೆ ಹಾಕುವುದಿಲ್ಲ ಎಂದು ಎದೆ ಉಬ್ಬಿಸಿ ಹೇಳುತ್ತೀಯ. ಅಂಥವನು ಅಮ್ಮನ ಕಿತ್ತಳೆ ಕೇಕನ್ನು ಒಂದೇ ಒಂದು ಸಲ ನಿನ್ನ ಓವನ್ನಿನಲ್ಲಿ ಮಾಡಿ ನೋಡಿದೆಯಾ? ಇಲ್ಲ. ಹೋದ ತಿಂಗಳು ಬಂದೆ, ಅಮ್ಮ ಇಲ್ಲಿ ಮಾಡಿದ್ದನ್ನು ಕಿಟಕಿಯ ಬೆಳಕಿನಲ್ಲಿ ಫೋಟೋ ತೆಗೆದೆ, ಅವಳ ನೋಟ್‌ಬುಕ್ಕಿನಿಂದ ನೂರನಲವತ್ತು ಡಿಗ್ರಿ, ಐವತ್ತು ನಿಮಿಷ ಅಂತ ಇಳಿಸಿಕೊಂಡೆ, ಬಸ್ಸು ನಿಮ್ಮೂರು ಮುಟ್ಟುವ ಮೊದಲೇ ಹಾಕಿಬಿಟ್ಟೆ. ‘ಎಪ್ಪತ್ತೆರಡರ ಅಮ್ಮನ ನಲವತ್ತು ವರ್ಷದ ಗುಟ್ಟು’ ಅಂತ ತಲೆಬರಹ ಬೇರೆ. ಕೇಳಿದವರಿಗೆ ಕೇಕೇ ಕೊಟ್ಟು ಕಳಿಸುತ್ತಿದ್ದಳೇ ಹೊರತು ಅಮ್ಮ ಅದನ್ನು ಯಾರಿಗೂ ಬರೆದು ಕೊಟ್ಟವಳಲ್ಲ. ನಿನಗೆ ಕೊಟ್ಟಳು. ಮಗ ಕೇಳಿದ ಅಂತ ಕನ್ನಡಕ ಒರೆಸಿಕೊಂಡು ಪಕ್ಕದಲ್ಲಿ ಕೂತು, ಅರ್ಥವಾಗದ ಕಡೆ ಬೆರಳಿಟ್ಟು ಓದಿ ಹೇಳಿದಳು.

ಆಮೇಲೆ ಅದರ ಕೆಳಗೆ ಕಾಮೆಂಟುಗಳು ಶುರುವಾದವು. ಮೇಲೆ ಬಿಳಿಚಿಕೊಂಡಿದೆ, ಒಳಗೆ ಹಸಿ ಹಿಟ್ಟು. ಚಾಕು ಹಾಕಿದರೆ ಪೋಸ್ಟರ್ ಅಂಟಿಸುವ ಗೋಂದು. ಅಜ್ಜಿ ಬೇಕಂತಲೇ ಗುಟ್ಟು ಮುಚ್ಚಿಟ್ಟಿದ್ದಾರೆ, ಹೊಟ್ಟೆಕಿಚ್ಚು. ಅಜ್ಜಿಗೆ ಮರೆವಿನ ಕಾಯಿಲೆ ಇರಬಹುದು, ಪಾಪ. ಹೀಗೆ ನಾನೂರಕ್ಕೂ ಮಿಕ್ಕಿ. ಒಬ್ಬ ಅಡುಗೆ ಪಂಡಿತನಂತೂ ಕ್ಯಾಮೆರಾ ಮುಂದೆ ಕೇಕಿನ ನಡುವೆ ಚಮಚ ಇಳಿಸಿ, ಹಿಟ್ಟು ತೊಟ್ಟಿಕ್ಕುವುದನ್ನು ನಿಧಾನಗತಿಯಲ್ಲಿ ತೋರಿಸಿ, ಕಣ್ಣೀರು ಒರೆಸಿಕೊಳ್ಳುವ ನಾಟಕ ಮಾಡಿದ. ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಗೆ ಬಂದ ಗಿರಾಕಿಯೊಬ್ಬ, ಕಣ್ಣು ಪರೀಕ್ಷೆಗೆ ಕೂತವನು, ಫೋನು ತೆಗೆದು ನನಗೇ ಅದನ್ನು ತೋರಿಸಿದ. ‘ನೋಡಿ ಮೇಡಂ, ಈ ಮುದುಕಿ ಊರಿಗೆಲ್ಲ ಟೋಪಿ ಹಾಕಿದಾಳೆ’ ಅಂದ. ನನ್ನ ಮೈಯೆಲ್ಲ ಉರಿದುಹೋಯಿತು. ಆ ಮುದುಕಿ ಮಾಡಿದ ಕೇಕನ್ನು ನನ್ನ ನಾಲಿಗೆ ಬಲ್ಲದು, ನಿನ್ನ ನಾಲಿಗೆಗೆ ಆ ಯೋಗವಿಲ್ಲ ಅನ್ನಬೇಕೆನಿಸಿತು. ಅನ್ನಲಿಲ್ಲ, ಅಂಗಡಿ ನಮ್ಮದಲ್ಲ. ಕೊನೆಯ ಸಾಲಿನ ಸಣ್ಣ ಅಕ್ಷರಗಳನ್ನು ಎಡಗಣ್ಣಿನಲ್ಲಿ ಮೂರು ಸಲ, ಬಲಗಣ್ಣಿನಲ್ಲಿ ನಾಲ್ಕು ಸಲ ಓದಿಸಿದೆ. ಅವನ ಕಣ್ಣಿಗೆ ಏನೂ ಆಗಿರಲಿಲ್ಲ.

ಕಂಡವರು ಏನಾದರೂ ಅಂದುಕೊಳ್ಳಲಿ, ಅವರು ಬೆಣ್ಣೆ ಮೊಟ್ಟೆ ಹಾಳುಮಾಡಿಕೊಂಡವರು, ಹೊಟ್ಟೆ ಉರಿದಿರುತ್ತದೆ. ನನ್ನ ಸಿಟ್ಟು ಅವರ ಮೇಲಲ್ಲ. ಯಾರೋ ಒಬ್ಬಳು ನಿನ್ನ ಕೇಕು ಕೈಕೊಟ್ಟಿತು ಅಂತ ಬರೆದದ್ದಕ್ಕೆ ನೀನು ಏನು ಉತ್ತರ ಕೊಟ್ಟೆ, ನೆನಪಿದೆಯೇ? ‘ಅಮ್ಮಂಗೆ ವಯಸ್ಸಾಯ್ತಲ್ಲ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.’ ಅದರ ಪಕ್ಕ ನಗುವ ಮುಖಗಳು ಮೂರು. ಬಿಡುವಿನಲ್ಲಿ, ಒಂದು ಕೈಯಲ್ಲಿ ಯಾರದೋ ದವಡೆಯ ಅಚ್ಚು ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಒತ್ತಿ ಕಳಿಸಿರುತ್ತೀಯ, ನನಗೆ ಗೊತ್ತು. ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ, ಅದೂ ಗೊತ್ತು. ಆದರೆ ನಿನ್ನ ಪೇಜು ನೋಡಲಿ ಅಂತ ಅಮ್ಮನಿಗೆ ಫೋನು ಕೊಡಿಸಿ, ಅಕ್ಷರ ದೊಡ್ಡದಾಗಿ ಕಾಣುವಂತೆ ಮಾಡಿಕೊಟ್ಟವನೂ ನೀನೇ. ಆ ದೊಡ್ಡ ಅಕ್ಷರದಲ್ಲಿ ಅವಳು ಅದನ್ನು ಓದಿದಳು. ನಾನು ಬಟ್ಟೆ ಮಡಚುತ್ತಿದ್ದೆ. ಫೋನನ್ನು ಮಗುಚಿಟ್ಟು, ‘ಹೌದಲ್ವೇ, ಅವನೇ ಹೇಳಿದ ಮೇಲೆ ನಿಜಾನೇ ಇರ್ಬೇಕು’ ಅಂದಳು. ಅಷ್ಟು ಹೊತ್ತೂ ನಾನೂರು ಜನರ ಮಾತಿಗೆ ಜಗ್ಗದೆ ‘ಅವರಿಗೆ ಹದ ಗೊತ್ತಿಲ್ಲ ಬಿಡು’ ಅನ್ನುತ್ತಿದ್ದವಳು ಅವಳು.

ಆವತ್ತಿನಿಂದ ಒಬ್ಬೊಬ್ಬರಿಗೂ ಉತ್ತರ ಬರೆಯುತ್ತಿದ್ದಾಳೆ. ನೀನು ನೋಡಿಲ್ಲವೇ, ಇಲ್ಲ ನೋಡಿಯೂ ಸುಮ್ಮನಿದ್ದೀಯಾ? ‘ಕ್ಷಮಿಸಿ. ನಿಮ್ಮ ಸಾಮಾನು ಹಾಳಾಯಿತು. ನನಗೆ ನೆನಪು ಸಾಲದಾಗಿದೆ.’ ಒಂದು ಬೆರಳಿನಲ್ಲಿ ಕುಟ್ಟಿ ಕುಟ್ಟಿ, ಆಫೀಸಿನ ಕಾಗದದ ಹಾಗೆ ಚುಕ್ಕಿ ಸಮೇತ. ನಮ್ಮ ಅಮ್ಮ ಕಣೋ. ಒಂದು ಲಕೋಟೆಯೂ ತಪ್ಪು ಬಾಗಿಲಿಗೆ ಹೋಗಲಿಲ್ಲ ಎಂದು ನಿವೃತ್ತಿಯ ದಿನ ಮೇಲಧಿಕಾರಿಯೇ ಎದ್ದುನಿಂತು ಹೇಳಿದ ಹೆಂಗಸು, ಮುಖ ನೋಡದವರ ಮುಂದೆ ಕೈಮುಗಿದು ಕೂತಿದ್ದಾಳೆ. ಓವನ್ನಿನ ಪ್ಲಗ್ ಕಿತ್ತು, ಮೇಲೆ ಹಳೆಯ ಹಾಸಿಗೆ ಹೊದಿಕೆ ಹೊದಿಸಿದ್ದಾಳೆ. ಈಗ ಅದರ ಮೇಲೆ ಇಸ್ತ್ರಿಗೆ ಕೊಡುವ ಬಟ್ಟೆ ಇಡುತ್ತೇವೆ. ಇಷ್ಟೇ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಹಾಲು ಕಾಯಿಸಿದ್ದು, ಮಾತ್ರೆ ನುಂಗಿದ್ದು, ಬೀಗ ಹಾಕಿದ್ದು, ಎಲ್ಲವನ್ನೂ ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸುತ್ತಾಳೆ. ಹಳೆಯ ಸಹೋದ್ಯೋಗಿಗಳ ವಿಳಾಸಗಳನ್ನು ಕಣ್ಣು ಮುಚ್ಚಿ ಹೇಳಿಕೊಳ್ಳುತ್ತಾಳೆ. ಒಂದು ಮನೆ ನಂಬರು ತಡವರಿಸಿತೋ, ಆ ದಿನ ಊಟ ಅರ್ಧಕ್ಕೇ ಬಿಟ್ಟು ಏಳುತ್ತಾಳೆ. ಮುಂದಿನ ಗುರುವಾರ ನೆನಪಿನ ಪರೀಕ್ಷೆಗೆ ಅಂತ ಡಾಕ್ಟರ ಹತ್ತಿರ ತಾನೇ ಸಮಯ ಗೊತ್ತುಮಾಡಿಕೊಂಡು ಬಂದಿದ್ದಾಳೆ. ‘ಇನ್ಮೇಲೆ ಮನೆ ಬೀಗದಕೈ ನೀನೇ ಇಟ್ಕೋ’ ಅಂತ ನಿನ್ನೆ ನನ್ನ ಕೈಗೆ ಕೊಟ್ಟಳು. ನೆನಪು ಎಲ್ಲೂ ಹೋಗಿಲ್ಲ. ಹೋದದ್ದು ಧೈರ್ಯ, ಅದನ್ನು ಕಳೆದವನು ನೀನು.

ಈಗ ಮುಖ್ಯ ಸಂಗತಿ ಕೇಳು. ನಾನು ಬರೀ ಬಾಯಿಮಾತಿಗೆ ಬೈಯುತ್ತಿಲ್ಲ, ಸಾಕ್ಷಿ ಇಟ್ಟುಕೊಂಡೇ ಬೈಯುತ್ತಿದ್ದೇನೆ. ನಿನ್ನೆ ಪಾತ್ರೆ ಅಂಗಡಿಯಿಂದ ಓವನ್ನಿನ ಒಳಗೆ ಇಡುವ ಥರ್ಮಾಮೀಟರ್ ತಂದೆ. ಅಮ್ಮ ವಾಕಿಂಗ್ ಹೋದಾಗ ಬಟ್ಟೆ ಇಳಿಸಿ, ಹೊದಿಕೆ ಸರಿಸಿ, ಪ್ಲಗ್ ಹಾಕಿ, ನಾಬನ್ನು ನೂರನಲವತ್ತಕ್ಕೆ ತಿರುಗಿಸಿ ಇಪ್ಪತ್ತು ನಿಮಿಷ ಕಾದೆ. ಮುಳ್ಳು ನೂರಾ ಎಂಬತ್ತರಲ್ಲಿ ನಿಂತಿತ್ತು. ಕದ ಮುಚ್ಚಿ ಮತ್ತೆ ಇಪ್ಪತ್ತು ನಿಮಿಷ ಕಾದೆ, ಅಲ್ಲೇ ಇತ್ತು. ತಿಳಿಯಿತೇ? ನಮ್ಮ ಓವನ್ನಿನ ನೂರನಲವತ್ತು ಅಂದರೆ ಲೋಕದ ನೂರಾ ಎಂಬತ್ತು. ‘ಈ ಪುಸ್ತಕದವರು ಯಾವಾಗಲೂ ಶಾಖ ಜಾಸ್ತಿ ಬರೀತಾರೆ’ ಅಂತ ಅಮ್ಮ ಗೊಣಗುತ್ತಾ ನಲವತ್ತು ಕಡಿಮೆ ಮಾಡಿಕೊಳ್ಳುತ್ತಿದ್ದದ್ದು ಇದಕ್ಕೇ. ರೆಸಿಪಿ ಸರಿ, ನೆನಪು ಸರಿ, ಕೈ ಸರಿ. ಸುಳ್ಳು ಹೇಳಿದ್ದು ಓವನ್ನು. ಹಳೇ ಸಾಮಾನು, ಯಾವಾಗಲೋ ಕೆಟ್ಟಿರಬೇಕು. ನೀನು ಈ ಕಾಗದ ಮುಟ್ಟಿದ ದಿನವೇ ಆ ಪೇಜಿನಲ್ಲಿ ಎಲ್ಲಕ್ಕಿಂತ ಮೇಲೆ ಬರೆಯಬೇಕು: ತಪ್ಪು ಅಮ್ಮನದಲ್ಲ, ಮಾಡಿ ನೋಡದೆ ಹಾಕಿದ ನನ್ನದು, ನೂರಾ ಎಂಬತ್ತರಲ್ಲಿ ಬೇಯಿಸಿ. ನಗುವ ಮುಖ ಒಂದೂ ಇರಕೂಡದು. ಆ ಅಡ್ಜಸ್ಟ್ ಮಾತನ್ನು ಅಳಿಸು. ನಾನೇ ಏಕೆ ಹೇಳಬೇಕು, ಅಕ್ಕ ಮನೆಯಲ್ಲೇ ಇದ್ದಾಳಲ್ಲ ಅಂತ ಕೇಳಬೇಡ. ನಾನು ಹೇಳಿದರೆ ಸಮಾಧಾನಕ್ಕೆ ಹೇಳುತ್ತೀಯ ಅಂತಾಳೆ. ಮಗ ಕೆಡಿಸಿದ್ದನ್ನು ಮಗನೇ ಸರಿಮಾಡಬೇಕು.

ಆಯಿತು, ಬೈದು ಗಂಟಲು ಒಣಗಿತು. ಹೊತ್ತಿಗೆ ಸರಿಯಾಗಿ ಊಟ ಮಾಡು, ಬರೀ ಬ್ರೆಡ್ಡು ಕೇಕು ತಿಂದು ಮಲಗಬೇಡ. ನಿನ್ನ ಹುಳಿಹಿಟ್ಟಿಗೂ ನನ್ನ ಆಶೀರ್ವಾದ ತಿಳಿಸು.

ಸಿಟ್ಟಿನಲ್ಲಿರುವ, ಆದರೂ ನಿನ್ನವಳೇ ಆದ,
ಅಕ್ಕ

ತಾ.ಕ.: ಅಮ್ಮ ಇನ್ನೂ ಬಂದಿಲ್ಲ. ಕಾಗದ ಮಡಚುವ ಮೊದಲು, ನೀನು ಸರಿಯಾಗಿ ಇಳಿಸಿಕೊಂಡಿದ್ದೀಯೋ ಇಲ್ಲವೋ ನೋಡಿ ಇನ್ನೆರಡು ಮಾತು ಬೈಯೋಣ ಅಂತ ಅವಳ ನೋಟ್‌ಬುಕ್ ತೆಗೆದೆ. ಮೊದಲ ಹನ್ನೊಂದು ಪುಟಗಳಲ್ಲಿ ನೂರಾ ಎಂಬತ್ತು ಅಂತಲೇ ಇತ್ತು. ಆಮೇಲೆ ಅಷ್ಟನ್ನೂ ಹೊಡೆದುಹಾಕಿ ಪಕ್ಕದಲ್ಲಿ ನೂರನಲವತ್ತು ಬರೆದಿದ್ದಾಳೆ. ಹನ್ನೊಂದನೆಯ ಪುಟದ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ: ‘ಮತ್ತೆ ಸೀದಿತು. ನನ್ನ ಕೈ ಕೆಟ್ಟಿದೆ. ಶಾಖ ಇಳಿಸಿ ನೋಡಬೇಕು.’ ಕೆಳಗೆ ತಾರೀಕು. ನಾನಾಗ ಏಳನೇ ಕ್ಲಾಸು, ನೀನು ಇನ್ನೂ ತೊದಲುತ್ತಿದ್ದೆ. ಓವನ್ನು ಯಾವಾಗಲೋ ಕೆಟ್ಟಿರಬೇಕು ಅಂತ ಮೇಲೆ ಬರೆದೆನಲ್ಲ, ಅದು ಸುಳ್ಳು. ನಿನ್ನೆ ಆ ಮುಳ್ಳು ನೋಡಿದ ಕ್ಷಣವೇ ನನಗೆ ಎಲ್ಲ ನೆನಪಾಗಿತ್ತು. ಆ ನಾಬಿನ ಅಂಚಿನ ಗೀರುಗಳನ್ನು ಬಿಸ್ಕತ್ತಿನ ಹಿಟ್ಟಿಗೆ ಒತ್ತಿದರೆ ಹೂವಿನ ಹಾಗೆ ಮೂಡುತ್ತಿತ್ತು. ಅಮ್ಮ ಆಫೀಸಿನಲ್ಲಿದ್ದಾಗ ಕಿತ್ತು ಒತ್ತುತ್ತಾ ಕೂತಿದ್ದೆ, ಕೈಜಾರಿ ನೆಲಕ್ಕೆ ಬಿತ್ತು. ಅದು ಒಂದೇ ದಿಕ್ಕಿಗೆ ಕೂರುವಂತೆ ಒಳಗೆ ಒಂದು ಚೂರು ಇರುತ್ತದಲ್ಲ, ಅದು ಮುರಿಯಿತು. ಅಂದಾಜಿನಲ್ಲಿ ಗಮ್ ಹಾಕಿ ಅಂಟಿಸಿಬಿಟ್ಟೆ, ಅದು ನಲವತ್ತು ಡಿಗ್ರಿ ಓರೆಯಾಗಿ ಕೂತಿತು. ಒಂದು ತಿಂಗಳು ಕೇಕು ಸೀದವು, ಅಮ್ಮ ಒಂದು ತಿಂಗಳು ತನ್ನ ಕೈಯನ್ನೇ ಬೈದುಕೊಂಡಳು, ನಾನು ಎದುರಿಗೆ ಕೂತು ಸೀದದ್ದನ್ನೇ ತಿಂದೆ, ಬಾಯಿ ಬಿಡಲಿಲ್ಲ. ಈಗ ತಲೆಯನ್ನು ಬೈದುಕೊಳ್ಳುತ್ತಿದ್ದಾಳೆ, ನಾನು ಮತ್ತೆ ಅವಳ ಎದುರಿಗೇ ಕೂತಿದ್ದೇನೆ. ನಿನ್ನನ್ನು ಬೈದದ್ದರಲ್ಲಿ ಒಂದು ಅಕ್ಷರವನ್ನೂ ವಾಪಸು ತೆಗೆದುಕೊಳ್ಳುವುದಿಲ್ಲ. ಆದರೆ ಅವಳ ಮುಖ ನೋಡಿಕೊಂಡು ಇದನ್ನು ಹೇಳಲು ನನಗೆ ನಾಲಿಗೆ ಏಳುತ್ತಿಲ್ಲ. ಗೇಟಿನ ಸದ್ದಾಯಿತು. ಲಕೋಟೆಯ ಮೇಲೆ ನಾನು ಏನೂ ಬರೆಯುತ್ತಿಲ್ಲ. ಈ ಕಾಗದವನ್ನು ಅದರೊಳಗಿಟ್ಟು, ಅಂಟಿಸದೆ, ಅವಳ ಮೇಜಿನ ಮೇಲೆ ಪೆನ್ನಿನ ಪಕ್ಕ ಇಡುತ್ತೇನೆ. ವಿಳಾಸ ಅಮ್ಮನ ಅಕ್ಷರದಲ್ಲಿ ಬಂದರೆ, ಅವಳು ಓದಿದ್ದಾಳೆ ಅಂತ ತಿಳಿದುಕೋ.