ತಿಳಿಯಾದ ತತ್ತಿಗಳು

ಮಲ್ಲಿಕಸಾಬ ಕಾಕಾ,

ನೀವು ತೀರಿಕೊಂಡು ಎರಡು ವರ್ಷವಾಯಿತು, ಆದರೂ ಬರೆಯುತ್ತಿದ್ದೇನೆ. ಇವತ್ತು ನಮ್ಮ ಸವದತ್ತಿಯ ಮೀನುಮರಿ ಕೇಂದ್ರದಲ್ಲಿ ಹೊಸ ಹುಡುಗಿ ಶಿವಾನಿ, ರೋಹು ಮೀನಿನ ತತ್ತಿಗಳಲ್ಲಿ ಸಾಬೂದಾನಿಯಂತೆ ಬೆಳ್ಳಗಿದ್ದವನ್ನು ಉಳಿಸಿಕೊಂಡು, ಗಾಜಿನಂತೆ ತಿಳಿಯಾಗಿದ್ದವನ್ನು ಪೊಳ್ಳೆಂದು ಚೆಲ್ಲಿಬಿಟ್ಟಳು. ಬೆಳ್ಳಗಾದದ್ದು ಸತ್ತ ತತ್ತಿ, ತಿಳಿಯಾದದ್ದರೊಳಗೇ ಮರಿ ಬೆಳೆಯುವುದು ಎಂದು ಹೇಳಿಕೊಡಲು ಮರೆತಿದ್ದೆ. ಇಲ್ಲಿಯ ಹನ್ನೊಂದು ವರ್ಷದ ದಣಿವು, ಕಾಕಾ.

ಮಾಲಕರು ಬಂದು, "ಯಾರ ಚೆಲ್ಲ್ಯಾರ ಇದನ್ನ?" ಎಂದರು.

ನಾನು ಕೆಲಸಕ್ಕೆ ಸೇರಿದ ತೊಂಬತ್ತಮೂರರಲ್ಲಿ ಹೀಗೆಯೇ ಚೆಲ್ಲಿದಾಗ, "ನಾನ ಚೆಲ್ಲೇನ್ರಿ" ಎಂದು ಹೇಳಿ ನೀವು ಕೆಲಸ ಕಳೆದುಕೊಂಡಿರಿ; ನಾನು ನಿಮ್ಮ ಹಿಂದೆಯೇ ನಿಂತುಬಿಟ್ಟೆ. ಇವತ್ತು ಅದೇ ಮಾತನ್ನು ನಾನು ಹೇಳಿದೆ.

"ಇಲ್ರಿ, ಅಕ್ಕಾರ ಅಲ್ಲ, ನಾನ" ಎಂದು ಶಿವಾನಿ ಮುಂದೆ ಬಂದಳು.

ಅವಳಿಗೆ ಹತ್ತೊಂಬತ್ತು. ಆಗ ನನಗೂ ಅಷ್ಟೇ ವಯಸ್ಸು.