ಚೆಲುವಯ್ಯನ ಪಂಪು

ರಾಮಕೃಷ್ಣನಗರ, ಮೈಸೂರು
೧೪ ಸೆಪ್ಟೆಂಬರ್ ೨೦೨೫, ಭಾನುವಾರ

ಪ್ರೀತಿಯ ಅಪ್ಪಾ,

ಜೈ ಭೀಮ್. ಹೇಗಿದ್ದೀರಿ? ಹೊಸಪೇಟೆಯ ಬಿಸಿಲಿಗೆ ನಿಮ್ಮ ಮಂಡಿನೋವು ಎಷ್ಟೋ ಕಡಿಮೆಯಾಗಿದೆ ಅಂತ ಅಮ್ಮ ಫೋನಿನಲ್ಲಿ ಹೇಳಿದಳು. ಬಿಪಿ ಮಾತ್ರೆ ಹೊತ್ತಿಗೆ ಸರಿಯಾಗಿ ನುಂಗುತ್ತಿದ್ದೀರೋ, ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಮರೆತೇ ಬಿಡುತ್ತಿದ್ದೀರೋ, ಅದನ್ನು ಮಾತ್ರ ಹೇಳಲಿಲ್ಲ. ಅವಳು ಹೇಳದೆ ಬಿಟ್ಟ ಮಾತು ನನಗೆ ಚೆನ್ನಾಗಿ ಕೇಳಿಸುತ್ತದೆ. ನಿಮಗೇ ಫೋನ್ ಮಾಡೋಣವೆಂದರೆ ನೀವು ಒಂದು ಸಲ "ಹಾ?" ಅನ್ನುತ್ತೀರಿ, ಇನ್ನೊಂದು ಸಲ "ಸರಿ ಸರಿ" ಅನ್ನುತ್ತೀರಿ, ಆಮೇಲೆ ಫೋನನ್ನು ಅಮ್ಮನ ಕೈಗೆ ದಾಟಿಸುತ್ತೀರಿ. ವರ್ಷಗಟ್ಟಲೆ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೊತ್ತಿಕೊಂಡು ಬೇರಿಂಗಿನ ಸದ್ದು ಕೇಳಿದ ಕಿವಿ, ಈಗ ಮಗಳ ಮಾತು ಕೇಳುವ ಹೊತ್ತಿಗೆ ರಜೆ ಹಾಕಿದೆ. ಅದಕ್ಕೇ ಈ ಕಾಗದ. ಕನ್ನಡಕ ಹಾಕಿಕೊಂಡು ನೀವೇ ಓದಿ, ರಾಹುಲನ ಕೈಯಲ್ಲಿ ಓದಿಸಬೇಡಿ. ನನ್ನ ತಮ್ಮರಾಯ ಇವತ್ತಿಗೂ ಶಾಲೆಯಲ್ಲಿ ಪಾಠ ಒಪ್ಪಿಸಿದ ಹಾಗೆ ಓದುತ್ತಾನೆ, ಅರ್ಧ ನುಂಗುತ್ತಾನೆ.

ಇಲ್ಲಿ ಎಲ್ಲರೂ ಕ್ಷೇಮ. ನಿಮ್ಮ ಅಳಿಯ ಸಿದ್ದುಗೆ ದಸರಾ ಮುಗಿಯುವವರೆಗೂ ಬಸ್ಸಿನಲ್ಲಿ ವಿಶೇಷ ಡ್ಯೂಟಿ. ಮನೆಗೆ ಬರುವಾಗ ಪ್ರಯಾಣಿಕರ ಮೇಲಿನ ಕೋಪವನ್ನೆಲ್ಲ ಹೊತ್ತು ತರುತ್ತಾರೆ, ಮುದ್ದೆ ಸಾರು ಹೊಟ್ಟೆಗೆ ಬಿದ್ದ ಮೇಲೆ ಮನುಷ್ಯರಾಗುತ್ತಾರೆ. ನೀವು ನೆಟ್ಟ ಕರಿಬೇವು ಕಾಂಪೌಂಡ್ ದಾಟಿ ಬೆಳೆದಿದೆ, ಬೀದಿಯವರೆಲ್ಲ ಒಗ್ಗರಣೆಗೆ ಅಲ್ಲಿಂದಲೇ ಕೀಳುತ್ತಾರೆ. ದಸರಾ ಆನೆಗಳು ಬಂದಾಯಿತು, ತೂಕ ಹಾಕಿದ್ದೂ ಆಯಿತು. ಈ ಸಲ ಯಾವ ಆನೆ ಎಷ್ಟು ತೂಗಿತು ಅಂತ ಅಮ್ಮ ಕೇಳಿದ್ದಳು. ಪೇಪರಿನ ಆ ಪುಟವನ್ನು ಇದರ ಜೊತೆಗೇ ಮಡಿಸಿ ಇಟ್ಟಿದ್ದೇನೆ, ಕೊಡಿ.

ಈಗ ನಮ್ಮ ಕಾರ್ಖಾನೆಯ ವಿಷಯ. ಹೋದ ವಾರ ಮಾಲಾ ಫೋನಿನಲ್ಲಿ "ಅತ್ತಿಗೆ, ನೀವೂ ಮಾವನೂ ಮಾಡೋ ಕೆಲಸ ಏನೂಂತ ನಂಗಿನ್ನೂ ಗೊತ್ತಿಲ್ಲ ಕಣ್ರೀ" ಅಂದಳು. ರಾಹುಲನ ಕೈಹಿಡಿದು ನಮ್ಮ ಮನೆಗೆ ಸೊಸೆಯಾಗಿ ಬಂದು ಎರಡು ವರ್ಷವಾದರೂ ನೀವು ಹೇಳಿಲ್ಲವಲ್ಲ! ಅವಳಿಗೆ ಹೀಗೆ ಹೇಳಿ: ರೈಲಿನ ಎಂಜಿನ್ನಿನ ಕೆಳಗೆ ಗಾಲಿಯ ಒಂದೊಂದು ಅಚ್ಚಿಗೂ ಒಂದೊಂದು ಮೋಟಾರು ಇರುತ್ತದೆ, ಅದೇ ಗಾಲಿಯನ್ನು ತಿರುಗಿಸುವುದು. ಆ ಮೋಟಾರುಗಳು ದಣಿದು ನಮ್ಮಲ್ಲಿಗೆ ಲಾರಿಯಲ್ಲಿ ಬರುತ್ತವೆ. ಬಿಚ್ಚಿ, ತೊಳೆದು, ಎರಡೂ ತುದಿಯ ಬೇರಿಂಗಿಗೆ ಹೊಸ ಗ್ರೀಸು ತುಂಬಿ, ಓಡಿಸಿ ನೋಡಿ, ವಾಪಸು ಕಳಿಸುತ್ತೇವೆ. ಗ್ರೀಸು ತುಂಬುವುದು ನಿಮ್ಮ ಕೆಲಸವಾಗಿತ್ತು, ಈಗ ನನ್ನದು.

ಹೆಚ್ಚುಕಡಿಮೆ ಒಂದು ವರ್ಷದಿಂದ ಅದೇ ನನ್ನ ತಲೆನೋವು. ಹೋದ ಚಳಿಗಾಲದಲ್ಲಿ ನಾವು ಕಳಿಸಿದ ಒಂದು ಮೋಟಾರಿನ ಬೇರಿಂಗು ಘಾಟಿಯ ಏರಿನಲ್ಲಿ ಕಾದು ಕಚ್ಚಿಕೊಂಡುಬಿಟ್ಟಿತು. ಗಾಲಿ ತಿರುಗದೆ ಹಳಿಯ ಮೇಲೆ ಉಜ್ಜಿಕೊಂಡು ಹೋಯಿತು. ಗೂಡ್ಸ್ ಗಾಡಿ ಆದ್ದರಿಂದ, ಡ್ರೈವರು ಚುರುಕಾಗಿದ್ದರಿಂದ, ಯಾರಿಗೂ ಏನೂ ಆಗಲಿಲ್ಲ. ಆದರೆ ಆ ಮೋಟಾರು ನಮ್ಮಲ್ಲಿಗೆ ವಾಪಸು ಬಂದಾಗ ಬಿಚ್ಚಿದವಳು ನಾನೇ. ರೋಲರುಗಳು ನೀಲಿಗಟ್ಟಿದ್ದವು. ಗ್ರೀಸು ಬೇರಿಂಗಿನಲ್ಲಿ ಇರಲಿಲ್ಲ, ಕರಗಿ ಹರಿದು ಒಳಗಿನ ತಾಮ್ರದ ಸುತ್ತಿನ ಮೇಲೆಲ್ಲ ಮೆತ್ತಿಕೊಂಡಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅವತ್ತು ಮನೆಗೆ ಬಂದು ಊಟ ಮಾಡಲಾಗಲಿಲ್ಲ. ಅದೇ ಏರಿನಲ್ಲಿ ಪ್ಯಾಸೆಂಜರ್ ಗಾಡಿಯೂ ಓಡುತ್ತದೆ ಅನ್ನುವುದು ತಲೆಯಿಂದ ಹೋಗಲಿಲ್ಲ. ಅದಾದ ಮೇಲೆ ಹಾಗೇ ಬಿಸಿಯಾದ ಇನ್ನೂ ಕೆಲವು ವಾಪಸು ಬಂದವು.

ಗುಣಮಟ್ಟ ನೋಡುವ ನಮ್ಮ ಅಭಿರಾಮ ಸಾರ್ ನಿಮಗೆ ಗೊತ್ತು, ಇಲ್ಲಿನ ವಿಜಯನಗರ ಬಡಾವಣೆಯವರು, ನಿಮ್ಮ ಬೀಳ್ಕೊಡುಗೆಯ ದಿನ ಭಾಷಣ ಮಾಡಲು ಎದ್ದು, ಬರೆದು ತಂದ ಚೀಟಿಯನ್ನು ನಿಮ್ಮ ಕೈಗಿತ್ತು ಕೂತವರು. ಗ್ರೀಸೇ ಸರಿಯಿಲ್ಲ, ಬೇರೆ ತರಿಸೋಣ ಅಂದರು. ನಾನು ಗ್ರೀಸು ಸರಿಯಿದೆ, ಹೆಚ್ಚಾಗಿದೆ ಅಂದೆ. ಬೇರಿಂಗಿನ ರೋಲರುಗಳ ನಡುವೆ ತುಂಬ ಇರಬೇಕು ನಿಜ, ಆದರೆ ಅಕ್ಕಪಕ್ಕದ ಜಾಗದಲ್ಲಿ ಮೂರರಲ್ಲಿ ಒಂದು ಪಾಲು ಸಾಕು, ಉಳಿದದ್ದು ಖಾಲಿಯೇ ಇರಬೇಕು. ಖಾಲಿ ಇಲ್ಲದಿದ್ದರೆ ಗ್ರೀಸಿಗೆ ಸರಿದುಕೊಳ್ಳಲು ಜಾಗವಿಲ್ಲ, ರೋಲರುಗಳು ಅದನ್ನೇ ಕಡೆಯುತ್ತ ಕೂರುತ್ತವೆ, ಕಡೆದಷ್ಟೂ ಕಾಯುತ್ತದೆ. ಅತಿಯಾದರೆ ಅಮೃತವೂ ವಿಷ ಅಂತ ಅಜ್ಜಿ ನನ್ನ ತಟ್ಟೆಯ ಹೋಳಿಗೆ ನೋಡಿ ಹೇಳುತ್ತಿದ್ದಳಲ್ಲ, ಅದೇ. ಅವರು ಒಪ್ಪಿದರು. ಹಿಡಿ ಒತ್ತಿದರೆ ಗ್ರೀಸು ಚಿಮ್ಮುವ ಗ್ರೀಸ್ ಗನ್ನನ್ನು ಬಿಟ್ಟು, ಗ್ರೀಸನ್ನು ತಕ್ಕಡಿಯಲ್ಲಿ ತೂಗಿ ಕೈಯಲ್ಲೇ ತುಂಬುವ ಪದ್ಧತಿ ಶುರು ಮಾಡಿದೆ.

ನಿಮ್ಮ ಗೆಳೆಯ ಬೆಟ್ಟಯ್ಯಣ್ಣ ನನ್ನ ತಕ್ಕಡಿ ನೋಡಿ ನಗಾಡಿದ್ದೇ ನಗಾಡಿದ್ದು. "ಏನವ್ವಾ, ಮೋಟ್ರುಗೆ ಮೂಗುಬಟ್ಟು ಮಾಡುಸ್ತಿದ್ದೀಯಾ?" ಅಂದರು. ಅಂಬಾರಿ ಹೊರುವ ಆನೆಗೇ ತೂಕ ನೋಡಿ ಮೇವು ಹಾಕುತ್ತಾರೆ, ನಮ್ಮ ಮೋಟಾರಿಗೇನು ಬಂತು ದೊಡ್ಡಸ್ತಿಕೆ ಅಂದೆ. ಬೀಡಿ ಸೇದಲು ಎದ್ದು ಹೋದರು. ಬೇಸಿಗೆಯಿಂದ ಹೀಗೆ ತೂಗಿ ಕಳಿಸಿದ ಮೋಟಾರು ಒಂದೂ ವಾಪಸು ಬಂದಿಲ್ಲ. ನಿಮ್ಮ ಮಗಳು ಸುಮ್ಮನೆ ಜಂಬ ಕೊಚ್ಚಿಕೊಳ್ಳುತ್ತಿಲ್ಲ, ಸ್ವಲ್ಪ ಕೊಚ್ಚಿಕೊಳ್ಳುತ್ತಿದ್ದೇನೆ.

ಆದರೆ ಒಂದು ಲೆಕ್ಕ ಕೂಡಿಬಂದಿರಲಿಲ್ಲ ಅಪ್ಪ. ಮೊದಲು ಗನ್ನಿನಲ್ಲಿ ತುಂಬಿ ಕಳಿಸಿದ ಮೋಟಾರುಗಳೂ ನಮ್ಮಲ್ಲಿ ಓಡಿಸಿ ನೋಡುವಾಗ ತಣ್ಣಗೇ ಇದ್ದವು. ಬಿಸಿಯಾಗುವುದಿದ್ದರೆ ಇಲ್ಲೇ ಆಗಬೇಕಿತ್ತು. ಹೊರಗೆ ಹೋದ ಮೇಲೆ ಏಕೆ ಆಯಿತು? ಅದೂ ಕೆಲವಕ್ಕೆ ಮಾತ್ರ ಏಕೆ? ವಾಪಸು ಬಂದವನ್ನೆಲ್ಲ ಸಾಲಾಗಿ ನಿಲ್ಲಿಸಿ ಬಟ್ಟೆಯಲ್ಲಿ ಒರೆಸುತ್ತಿದ್ದೆ. ಒಂದರ ಬೇರಿಂಗ್ ಮುಚ್ಚಳದ ಮೇಲೆ ಮಾಸಿದ ಕುಂಕುಮದ ಬೊಟ್ಟು ಕಂಡಿತು. ಪಕ್ಕದ್ದರ ಮೇಲೂ ಇತ್ತು. ಅದರ ಪಕ್ಕದ್ದರ ಮೇಲೂ. ಸುಟ್ಟವುಗಳಿಗೆಲ್ಲ ಬೊಟ್ಟು ಇತ್ತು.

ನಿಮ್ಮ ಮುಖದಲ್ಲಿ ಈಗ ನಗು ಬಂದಿರುತ್ತದೆ. ನನಗೂ ಬಂತು. ಆಯುಧಪೂಜೆಯ ದಿನ, ಕಾರ್ಖಾನೆಯ ಪೂಜೆಗೆ ಯಾವಾಗಲೂ ಮುಂದೆ ನಿಲ್ಲುವ ನಮ್ಮ ಕರಿಬಸವಯ್ಯನವರು ವಿಭೂತಿ ಧರಿಸಿಕೊಂಡು, ತಯಾರಾಗಿ ನಿಂತ ಮೋಟಾರುಗಳಿಗೆಲ್ಲ ಕುಂಕುಮ ಇಡುತ್ತಾರಲ್ಲ, ಆ ಬೊಟ್ಟು. ಅವರು ಪೂಜೆ ಮಾಡಿದವೇ ಕೆಟ್ಟವು ಅಂದರೆ ಅಪ್ಪನಿಗೆ ಹೇಳಿ ನಗಿಸಬಹುದು ಅಂತ ಒಂದು ನಿಮಿಷ ಖುಷಿಪಟ್ಟೆ. ಆದರೆ ಕುಂಕುಮ ಬೇರಿಂಗನ್ನು ಏನು ಮಾಡೀತು? ಕುಂಕುಮ ಇಟ್ಟ ಮೋಟಾರಿಗೆ ಅವತ್ತೇ, ಅದರ ಹಿಂದೆಯೇ ಇನ್ನೂ ಒಂದು ಸೇವೆ ಆಗುತ್ತದೆ. ಓಡಿಸಿ ನೋಡಿದ್ದೆಲ್ಲ ಮುಗಿದ ಮೇಲೆ ಆಗುವ ಸೇವೆ, ಹಾಗಾಗಿ ನಮ್ಮ ಯಾವ ಪರೀಕ್ಷೆಗೂ ಸಿಗದೆ ಹೋಗುವ ಸೇವೆ. ಅದು ಹೊಳೆದಾಗ ಒರೆಸುತ್ತಿದ್ದ ಬಟ್ಟೆ ಕೈಯಲ್ಲೇ ಉಳಿಯಿತು, ಅಲ್ಲೇ ನೆಲದ ಮೇಲೆ ಕೂತೆ.

ಚೆಲುವಯ್ಯನ ಪಂಪು, ಅಪ್ಪ.

ನನಗೆ ಆ ಕಥೆ ಬಾಯಿಪಾಠ. ನೀವು ಮೇಸ್ತ್ರಿಯಾದ ಮೊದಲ ವರ್ಷ ಎಲ್ಲರೂ ಕುಂಬಳಕಾಯಿ ಒಡೆದು ಕುಂಕುಮ ಇಡಲು ಕರೆದಾಗ ನೀವು ಕೈಕಟ್ಟಿ ನಿಂತಿರಿ. "ನಾನು ಬೊಟ್ಟು ಇಕ್ಕಕಿಲ್ಲ. ದುಡಿಯೋ ಯಂತ್ರುಕ್ಕೆ ಹಬ್ಬದ ದಿನ ಹೊಟ್ಟೆತುಂಬ ಉಣ್ಣಕ್ಕೆ ಇಕ್ಕೋದೇ ನಮ್ಮ ಪೂಜೆ" ಅಂತ ಗ್ರೀಸ್ ಗನ್ನು ತೆಗೆದುಕೊಂಡು ಒಂದೊಂದು ಮೋಟಾರಿಗೂ ಒಂದೊಂದು ಪಂಪು ಗ್ರೀಸು ಕೊಟ್ಟಿರಿ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವತ್ತು ನೀವು ಮನೆಗೆ ಬಂದು ಅಮ್ಮನಿಗೆ ಅದನ್ನು ಹೇಳಿದ ರೀತಿ ನನಗಿನ್ನೂ ನೆನಪಿದೆ, ಅಷ್ಟು ಎತ್ತರವಾಗಿ ನೀವು ನನಗೆ ಯಾವತ್ತೂ ಕಂಡಿರಲಿಲ್ಲ. ಅಲ್ಲಿಂದ ಅದು ನಿಮ್ಮ ಹೆಸರಿನಲ್ಲೇ ಪ್ರತಿ ಆಯುಧಪೂಜೆಯ ಪದ್ಧತಿ. ನೀವು ನಿವೃತ್ತರಾದ ಮೇಲೂ ಬೆಟ್ಟಯ್ಯಣ್ಣ ಒಂದು ವರ್ಷವೂ ತಪ್ಪಿಸಿಲ್ಲ.

ಒಂದು ಮಾತು ಮೊದಲೇ ಬರೆಯುತ್ತೇನೆ. ನಿಮ್ಮ ಕಾಲದ ಹಳೆಯ ಮೋಟಾರಿನ ಮುಚ್ಚಳಕ್ಕೆ ಕೆಳಗೊಂದು ಕಿಂಡಿ ಇತ್ತು. ಹೆಚ್ಚಾದ ಗ್ರೀಸು ಅಲ್ಲಿಂದ ತಾನೇ ಹೊರಗೆ ಬರುತ್ತಿತ್ತು. ಆ ಮೋಟಾರಿಗೆ ನಿಮ್ಮ ಪಂಪಿನಿಂದ ಏನೂ ಕೆಡುತ್ತಿರಲಿಲ್ಲ. ಈಗಿನವಕ್ಕೆ ಕಿಂಡಿಯಿಲ್ಲ, ವೇಗವೂ ಹೆಚ್ಚು, ಒಳಗೆ ಹೋದದ್ದು ಒಳಗೇ. ಈ ಹೊಸ ಮಾದರಿ ಬಂದದ್ದು ನಿಮ್ಮ ಕೊನೆಯ ಕೆಲವು ವರ್ಷಗಳಲ್ಲಿ, ಅವಕ್ಕೂ ನೀವು ಪಂಪು ಕೊಟ್ಟಿರಿ. ಆಗ ಸಾಲಿನಲ್ಲಿ ಅವು ಒಂದೆರಡೇ ಇರುತ್ತಿದ್ದವು, ಹೋದ ವರ್ಷ ನಿಂತದ್ದೆಲ್ಲ ಅವೇ. ಅದನ್ನು ಬರೆಯದೆ ಬಿಟ್ಟರೆ ಈ ಕಾಗದ ಸುಳ್ಳಾಗುತ್ತದೆ. ಬರೆಯಲು ನನಗೆ ಸಂಕಟವಾಗುತ್ತಿದೆ. ಕರಿಬಸವಯ್ಯನವರ ಬೊಟ್ಟಿನಿಂದ ಏನೂ ಆಗಲಿಲ್ಲ, ನಮ್ಮ ಪಂಪಿನಿಂದ ಆಯಿತು.

ಊಹೆಯ ಮೇಲೆ ಹೇಳುತ್ತಿಲ್ಲ. ಎರಡು ಮೋಟಾರು ಒಂದೇ ತೂಕದಲ್ಲಿ ತುಂಬಿ, ಒಂದಕ್ಕೆ ಮಾತ್ರ ಹಬ್ಬದ ಪಂಪು ಕೊಟ್ಟು, ಅಕ್ಕಪಕ್ಕ ಓಡಿಸಿದೆ. ಬೆಟ್ಟಯ್ಯಣ್ಣನನ್ನೇ ಕರೆದು ಮುಚ್ಚಳದ ಮೇಲೆ ಅಂಗೈ ಇಡಲು ಹೇಳಿದೆ. ಒಂದರ ಮೇಲೆ ಕೈಯಿಟ್ಟು ನಿಂತು ಮಾತಾಡಿದರು. ಇನ್ನೊಂದರ ಮೇಲೆ ಇಟ್ಟು ತಟ್ಟನೆ ಕೈ ಎಳೆದುಕೊಂಡರು. ಇಷ್ಟಾದ ಮೇಲೂ ಏನಂದರು ಗೊತ್ತೇ? "ಆದ್ರೂವೆ ಅದು ನಿಮ್ಮಪ್ಪ ಆಕ್ಕೊಟ್ಟ ಪದ್ಧತಿ ಕಣವ್ವ. ನಾನು ಬದುಕಿರೋಗಂಟ ನಿಲ್ಸಕಿಲ್ಲ. ನೀನೇ ನಿಲ್ಸು ಅಂದ್ರೆ ಎಂಗೆ?" ಕಣ್ಣಲ್ಲಿ ನೀರಿತ್ತು. ಬೀಡಿಯ ಹೊಗೆ ಅಂದುಕೊಳ್ಳೋಣವೆಂದರೆ ಅವತ್ತು ಬೀಡಿಯೂ ಇರಲಿಲ್ಲ. ಕರಿಬಸವಯ್ಯನವರೂ ಅವರ ಕಡೆಯೇ. ಚೆಲುವಯ್ಯನ ಪಂಪು ಇಲ್ಲದ ಆಯುಧಪೂಜೆ ಏನು ಪೂಜೆ ಅನ್ನುತ್ತಾರೆ. ಪೂಜೆ ಬೇಡವೆಂದವರ ಹೆಸರಿನಲ್ಲೇ ಒಂದು ಪೂಜೆ ನಡೆಯುತ್ತಿದೆ, ನೋಡಿದಿರಾ.

ಅಭಿರಾಮ ಸಾರ್‌ಗೆ ಇನ್ನೂ ಹೇಳಿಲ್ಲ. ಹೇಳಿದರೆ ಅವರು ಅದೇ ದಿನ ನಿಲ್ಲಿಸುತ್ತಾರೆ, ಆದರೆ ಗೋಡೆಗೆ ನೋಟೀಸು ಹಚ್ಚಿ ನಿಲ್ಲಿಸುತ್ತಾರೆ. ಆ ಪಂಪಿಗೆ ನಮ್ಮಲ್ಲಿ ಬೇರೆ ಹೆಸರಿಲ್ಲ. ಎಲ್ಲರೂ ಊಟಕ್ಕೆ ಹೋಗುವ ದಾರಿಯಲ್ಲಿ "ಚೆಲುವಯ್ಯನ ಪಂಪು ಇನ್ನು ಮುಂದೆ ನಿಷೇಧ" ಅಂತ ನೇತಾಡುವುದನ್ನು ನಾನು ದಿನಾ ನೋಡಲಾರೆ. ಸುಮ್ಮನಿರೋಣವೆಂದರೆ ಅದೂ ಆಗದು. ದಸರೆಗೆ ತಯಾರಾಗುತ್ತಿರುವ ಮೋಟಾರುಗಳೆಲ್ಲ ನನ್ನ ಕೈಯಲ್ಲಿ ತುಂಬಿದವು. ಅವು ವಾಪಸು ಬಂದರೆ ತೂಗುವ ಪದ್ಧತಿಯೇ ಸರಿಯಿಲ್ಲ ಅಂತಾಗಿ ಮತ್ತೆ ಗನ್ನು ಬರುತ್ತದೆ. ಅದಕ್ಕಿಂತ ಹೆಚ್ಚಾಗಿ, ಯಾವ ಗಾಡಿ ಯಾವ ಏರಿನಲ್ಲಿ ನಿಲ್ಲುತ್ತದೋ, ಅದರ ಹಿಂದೆ ಯಾರು ಕೂತಿರುತ್ತಾರೋ. ಅಭಿರಾಮ ಸಾರ್ ಒಪ್ಪಿದ್ದು ಕೂಡ ಈ ದಸರೆಯ ಮೋಟಾರುಗಳನ್ನು ನೋಡಿ ತೀರ್ಮಾನಿಸೋಣ ಅಂತಲೇ.

ಉಳಿದ ಸುದ್ದಿ ಏನಿಲ್ಲ. ಅಮ್ಮನಿಗೆ, ರಾಹುಲನಿಗೆ, ಮಾಲಾಗೆ ನನ್ನ ನೆನಕೆಗಳು. ಕೂಸಿನ ಕೆನ್ನೆಗೆ ಅತ್ತೆಯ ಮುತ್ತು, ನಿಮ್ಮ ಗಡ್ಡ ಚುಚ್ಚದ ಹಾಗೆ ಕೊಡಿ. ನಿಮ್ಮ ಪಾದಕ್ಕೆ ನಮಸ್ಕಾರ ಅಂದರೆ ಬೈಯುತ್ತೀರಿ, ಆದರೂ ಬರೆದಿದ್ದೇನೆ.

ನಿಮ್ಮ ಮಗಳು,
ನಯನಾ

ಮರೆತ ಮಾತು: ಆಯುಧಪೂಜೆ ಅಕ್ಟೋಬರ್ ಒಂದಕ್ಕೆ. ಈ ವರ್ಷ ಮೊದಲ ಪಂಪನ್ನು ನಿಮ್ಮ ಕೈಯಿಂದಲೇ ಕೊಡಿಸಬೇಕು ಅಂತ ಬೆಟ್ಟಯ್ಯಣ್ಣ ಎಲ್ಲರನ್ನೂ ಒಪ್ಪಿಸಿದ್ದಾರೆ. ಅಪ್ಪ ಬರುತ್ತಾರೆ ಅಂದುಬಿಟ್ಟಿದ್ದೇನೆ. ಮೂವತ್ತರ ರಾತ್ರಿಯ ಹಂಪಿ ಎಕ್ಸ್‌ಪ್ರೆಸ್ಸಿಗೆ ಹತ್ತಿಸು ಅಂತ ರಾಹುಲನಿಗೂ ಹೇಳಿದ್ದೇನೆ, ಸಿದ್ದು ಸ್ಟೇಷನ್ನಿಗೆ ಬರುತ್ತಾರೆ. ಹಿರಿಯರು ಹೇಳಿದರು ಅಂತ ಯಾವುದನ್ನೂ ನಂಬಬೇಡ, ಮುಟ್ಟಿ ನೋಡಿ ನಂಬು ಅಂತ ನೀವೇ ಅಲ್ಲವೇ ನನಗೆ ಕಲಿಸಿದ್ದು. ಮಗಳು ಬರೆದಳು ಅಂತಲೂ ನಂಬಬೇಡಿ. ಆ ಎರಡು ಮೋಟಾರನ್ನೂ ಹಾಗೇ ಇಟ್ಟಿದ್ದೇನೆ, ಓಡಿಸುತ್ತೇನೆ, ಬಂದು ಅಂಗೈ ಇಟ್ಟು ನೋಡಿ. ಆಮೇಲೆ ಎಲ್ಲರ ಎದುರಿಗೆ ಗನ್ನನ್ನು ಕೈಗೆ ತೆಗೆದುಕೊಂಡು, ಪಂಪು ಒತ್ತದೆ ಮೊಳೆಗೆ ತೂಗುಹಾಕಿ. ನೀವು ಬರದಿದ್ದರೂ ಅವತ್ತು ಪಂಪು ನಡೆಯುವುದಿಲ್ಲ, ಬೆಳಿಗ್ಗೆಯೇ ಅಭಿರಾಮ ಸಾರ್‌ಗೆ ಹೇಳುತ್ತೇನೆ. ಆದರೆ ಆಗ ಚೆಲುವಯ್ಯನ ಪಂಪನ್ನು ಅವರ ಮಗಳೇ ನಿಲ್ಲಿಸಿದಳು ಅನ್ನುತ್ತಾರೆ. ನೀವು ಬಂದರೆ ಚೆಲುವಯ್ಯನೋರೇ ನಿಲ್ಲಿಸಿದರು ಅನ್ನುತ್ತಾರೆ. ಬನ್ನಿ ಅಪ್ಪ.