ಕೊರಳಿಗೆ ಕಟ್ಟಿಕೊಂಡು ಹೋದ ಪೆನ್ ಡ್ರೈವ್

ವಿನೋಬನಗರ, ಶಿವಮೊಗ್ಗ
೧೯ ನವೆಂಬರ್ ೨೦೦೭, ಸೋಮವಾರ

ಯಜಮಾನರಿಗೆ ಜಗದಾಂಬಾ ಮಾಡುವ ನಮಸ್ಕಾರಗಳು.

ನಮಸ್ಕಾರ ಎಂದು ಬರೆದದ್ದು ಅಭ್ಯಾಸಬಲದಿಂದ, ಮನಸ್ಸಿನಲ್ಲಿ ಸದ್ಯಕ್ಕೆ ಅದಿಲ್ಲ. ನಿಮ್ಮ ಎದೆಯುರಿ ಹೇಗಿದೆ? ದಾವಣಗೆರೆಯಲ್ಲಿ ನಿಮ್ಮ ಅಕ್ಕನವರು ದಿನಾ ಸಂಜೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮುಂದಿಟ್ಟರೆ ನೀವು ಬೇಡವೆನ್ನುವ ಪೈಕಿಯಲ್ಲ. ಮಾತ್ರೆ ಕಪ್ಪು ಬ್ಯಾಗಿನ ಪಕ್ಕದ ಜೇಬಿನಲ್ಲಿದೆ, ನೋಡಿಕೊಳ್ಳಿ. ನೀವು ಮುಖ ಊದಿಸಿಕೊಂಡು ಹೊರಟ ದಿನವೂ ಅದನ್ನು ಇಟ್ಟದ್ದು ನಾನೇ. ಇಲ್ಲಿ ಮಾವನವರು ಆರೋಗ್ಯವಾಗಿದ್ದಾರೆ. ಅಪ್ಪ ಹಬ್ಬಕ್ಕೂ ಬರಲಿಲ್ಲವೆಂದು ಸ್ಫೂರ್ತಿ ಒಂದು ಸುರುಸುರುಬತ್ತಿಯನ್ನೂ ಹಚ್ಚಲಿಲ್ಲ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀವು ನನಗೆ ಮಾತಾಡಲು ಬಿಡುವುದಿಲ್ಲ. ಕಾಗದವಾದರೆ ಮಧ್ಯೆ ಬಾಯಿ ಹಾಕಲಾಗುವುದಿಲ್ಲ ನೋಡಿ, ಅದಕ್ಕೇ ಬರೆಯಲು ಕೂತೆ.

ನೀವು ಹೋದದ್ದೇಕೆ ಎಂದು ಯಾರಾದರೂ ಕೇಳಿದರೆ ಹೇಳಲು ನನಗೆ ನಾಚಿಕೆಯಾಗುತ್ತದೆ. ಮಾವನವರು ಅಂದದ್ದಾದರೂ ಏನು? 'ಅಂಗಡಿ ಇಬ್ಬರದೂ ಹೌದು, ಕಂಪ್ಯೂಟರ್ ಕೆಲಸ ವಿಶ್ವಂಗೂ ಸ್ವಲ್ಪ ಕಲಿಸಪ್ಪಾ' ಅಂದರು, ಅಷ್ಟೇ. ಅದಕ್ಕೆ ಉಣ್ಣುತ್ತಿದ್ದ ತಟ್ಟೆ ಬಿಟ್ಟು ಎದ್ದಿರಿ. ತಮ್ಮನಿಗೆ ಕಾರ್ಡ್ ಡಿಸೈನ್ ಕಲಿಸಿದರೆ ನಿಮ್ಮ ಕಿರೀಟ ಬಿದ್ದುಹೋಗುತ್ತಿತ್ತೇ? ಮಾರನೆಯ ಬೆಳಿಗ್ಗೆ ಬ್ಯಾಗು ಹಿಡಿದು ಹೊರಟಾಗ ಕೊರಳಲ್ಲಿ ಲಿಂಗದ ಕರಡಿಗೆಯ ಜೊತೆಗೆ ಆ ಪೆನ್ ಡ್ರೈವನ್ನೂ ದಾರಕ್ಕೆ ಪೋಣಿಸಿ ಹಾಕಿಕೊಂಡಿದ್ದಿರಿ. ಮಾವನವರು ಅದನ್ನು ನೋಡಿ 'ಲಿಂಗದ ಪಕ್ಕ ಇದೆಂಥ ಹೊಲಸು ನೇತಾಕ್ಕೊಂಡಿದಾನೆ ಇವ್ನು' ಅಂತ ನನ್ನ ಮುಂದೆ ಗೊಣಗಿದರು. ನಾನು ನಿಮ್ಮ ಪರ ವಹಿಸಿ, ಅದರಲ್ಲಿ ಕೆಲಸದ ಸಾಮಾನಿದೆ ಮಾವ, ಕಳೆದುಹೋಗಬಾರದು ಅಂತ ಹಾಕಿಕೊಂಡಿದ್ದಾರೆ ಎಂದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ನೀವು ಹೋದ ಮೇಲೆ ಅಂಗಡಿಯಲ್ಲಿ ಏನಾಯಿತು ಎಂದು ನಿಮಗೆ ಗೊತ್ತೇ ಇದೆ, ಆದರೂ ಬರೆಯುತ್ತೇನೆ. ಹಬ್ಬ ಮುಗಿದು ಹೋದ ಸೋಮವಾರ ಬಾಗಿಲು ತೆಗೆದಾಗ ಖಾಜಾ ಪೀರ್ ಸಾಬರು ಬಂದು ಕಾದಿದ್ದರು. ನಿಮ್ಮ ಸ್ಕೂಟರನ್ನು ಕಾಲೇಜಿನ ದಿನಗಳಿಂದ ರಿಪೇರಿ ಮಾಡಿಕೊಂಡು ಬಂದವರು, ಮಗಳು ಮಾಹಿರಾಳ ಮದುವೆ ಕಾರ್ಡಿಗೆ ತಮ್ಮ ಭದ್ರಾವತಿಯ ಓಲ್ಡ್ ಟೌನಿನಲ್ಲೇ ಅಚ್ಚಿನ ಅಂಗಡಿಯಿದ್ದರೂ 'ನಮ್ಮ ಪ್ರಸನ್ನಣ್ಣನ ಕೈಯಲ್ಲೇ ಆಗ್ಬೇಕು' ಎಂದು ಇಲ್ಲಿಗೆ ಬಂದವರು. ಆ ಕಾರ್ಡಿನ ಒಂದು ಬದಿ ಕನ್ನಡ, ಇನ್ನೊಂದು ಬದಿ ಉರ್ದು. ಉರ್ದು ಬದಿಯನ್ನು ನಿಮ್ಮ ಪಕ್ಕದಲ್ಲೇ ಕೂತು ಮಾಡಿಸಿಕೊಟ್ಟ ಮೇಷ್ಟ್ರು ಹಜ್ಜಿಗೆ ಹೊರಟುಹೋಗಿದ್ದಾರೆ. ಪ್ರೂಫ್ ಹಾಳೆಯ ತುಂಬ ತಿದ್ದುಪಡಿ ಗೀಚಿದ್ದರಿಂದ ಅದನ್ನು ಇಟ್ಟುಕೊಂಡು ಅಚ್ಚು ಹಾಕುವ ಹಾಗಿಲ್ಲ. ಉರ್ದು ಇಲ್ಲದ ಕಾರ್ಡನ್ನು ಗಂಡಿನ ಕಡೆಯ ಅಜ್ಜ ಕೈಯಲ್ಲಿ ಮುಟ್ಟುವುದಿಲ್ಲವಂತೆ. ಮದುವೆ ಡಿಸೆಂಬರ್ ಎರಡಕ್ಕೆ. ಕಂಪ್ಯೂಟರಿನಲ್ಲಿರುವ ಆ ಒಂದು ಫೈಲು ತೆರೆದರೆ ಕಾರ್ಡು, ಇಲ್ಲವಾದರೆ ಇಲ್ಲ.

ವಿಶ್ವಾರಾಧ್ಯ ಫೈಲಿನ ಮೇಲೆ ಎರಡು ಸಲ ಒತ್ತಿದ. ತೆರೆಯಲಿಲ್ಲ, ಬದಲಿಗೆ ಒಂದು ಚೌಕ ಬಂದು ಏನೋ ಸಿಗುತ್ತಿಲ್ಲ ಎಂದಿತು. ಇನ್ನೊಂದು ಫೈಲು ಒತ್ತಿದ, ಅದೂ ಹಾಗೇ. ಎಲ್ಲವೂ ಹಾಗೇ. ಅವನು ನಿಮಗೆ ಫೋನ್ ಮಾಡಿದಾಗ ಸ್ಪೀಕರ್ ಹಾಕಿದ್ದ, ನಾನೂ ಅಲ್ಲೇ ನಿಂತಿದ್ದೆ. ನೀವು ಅಂದದ್ದು ಇನ್ನೂ ಕಿವಿಯಲ್ಲಿದೆ. 'ಫೈಲ್ ಎಲ್ಲ ಕರಪ್ಟ್ ಆಗಿದೆ ಕಣೋ, ನಾನೇ ಬಂದು ನೋಡ್ಬೇಕು. ಅಪ್ಪ ಒಂದ್ಮಾತು ಫೋನ್ ಮಾಡಿ ಬಾ ಅನ್ಲಿ, ಬರ್ತೀನಿ.' ಖಾಜಾ ಪೀರ್ ಸಾಬರಿಗೆ ಕರಪ್ಟ್ ಅಂದರೇನೆಂದು ಅರ್ಥವಾಗಲಿಲ್ಲ. ವಿಶ್ವ ಬಿಡಿಸಿ ಹೇಳಿದಾಗ ಆ ಮನುಷ್ಯ ಬೆಂಚಿನ ಮೇಲೆ ಕುಸಿದು ಕೂತು, 'ಇನ್ನು ಬೀಗರಿಗೆ ಏನಂತ ಮುಖ ತೋರಿಸ್ಲಿ ಅಮ್ಮಾ' ಅಂದರು. ನಾನು ನೀರು ಕೊಟ್ಟೆ. ಕುಡಿಯಲಿಲ್ಲ.

ಮಾವನವರು ಫೋನ್ ಮಾಡಲಿಲ್ಲ. ನಿಮ್ಮ ಹಟದ ಮೂಲ ಎಲ್ಲಿಯದೆಂದು ನನಗೆ ಗೊತ್ತಿಲ್ಲವೇ? ವಿಶ್ವ ಮಾರನೆಯ ದಿನ ಕಂಪ್ಯೂಟರ್ ರಿಪೇರಿಯ ನರಸಿಂಹಮೂರ್ತಿಯನ್ನು ಕರೆತಂದ. ಅವನು ಮೌಸು ಮುಟ್ಟುವ ಮೊದಲೇ 'ವೈರಸ್ಸು, ಫಾರ್ಮ್ಯಾಟ್ ಹೊಡೆದುಬಿಡೋಣ' ಎಂದು ಸಿ.ಡಿ. ಹೊರಗೆ ತೆಗೆದ. ಹೊಡೆದಿದ್ದರೆ ಹಳೆಯದೆಲ್ಲ ಅಳಿಸಿಹೋಗಿ ಗುಂಡಾಂತರವಾಗುತ್ತಿತ್ತು. ನನಗೆ ಎಲ್ಲಿಂದ ಬುದ್ಧಿ ಬಂತೋ, ಇವತ್ತು ಮಂಗಳವಾರ, ಇವತ್ತು ಬೇಡ ಎಂದೆ. ಮಾವನವರು ತಕ್ಷಣ 'ಹೌದಲ್ಲ, ಮಂಗಳವಾರ ಅಂಥದ್ದಕ್ಕೆಲ್ಲ ಕೈ ಹಾಕ್ಬಾರ್ದು' ಎಂದು ಅವನನ್ನು ಎಬ್ಬಿಸಿ ಕಳಿಸಿದರು.

ಅವರೆಲ್ಲ ಊಟಕ್ಕೆ ಹೋದಾಗ ನಾನು ಆ ಕುರ್ಚಿಯಲ್ಲಿ ಕೂತೆ. ಹೌದು, 'ಧೂಳು ಒರೆಸು ಸಾಕು, ಏನೂ ಮುಟ್ಬೇಡ' ಎಂದು ಮದುವೆಯಾದಾಗಿನಿಂದ ನನಗೆ ಹೇಳುತ್ತಿದ್ದಿರಲ್ಲ, ಅದೇ ಕುರ್ಚಿ. ಫೈಲನ್ನು ಒತ್ತಿದೆ, ಅದೇ ಚೌಕ ಬಂತು. ಎಲ್ಲರೂ ಅದನ್ನು ಕಂಡ ಕೂಡಲೇ ಓಕೆ ಒತ್ತಿ ಓಡಿಸುತ್ತಿದ್ದರು, ಒಬ್ಬರೂ ಪೂರ್ತಿ ಓದಿರಲಿಲ್ಲ. ನಾನು ಓದಿದೆ. ಎಫ್ ಡ್ರೈವಿನಲ್ಲಿ ಇಂಥ ಪ್ರೋಗ್ರಾಂ ಸಿಗುತ್ತಿಲ್ಲ ಎಂದಿತ್ತು. ಎಫ್ ಅಂದರೆ ನಿಮ್ಮ ಪೆನ್ ಡ್ರೈವು ಚುಚ್ಚಿದಾಗ ಮೂಡುತ್ತಿದ್ದ ಅಕ್ಷರ, ಧೂಳು ಒರೆಸುವಾಗ ಎಷ್ಟು ಸಲ ನೋಡಿಲ್ಲ! ಅಂದರೆ ಫೈಲು ಕೆಟ್ಟಿಲ್ಲ. ಅದನ್ನು ತೆರೆಯುವ ಪ್ರೋಗ್ರಾಂ ನಿಮ್ಮ ಕೊರಳಲ್ಲಿ ದಾವಣಗೆರೆಗೆ ಹೋಗಿದೆ, ಇಲ್ಲಿ ಕಂಪ್ಯೂಟರ್ ಪಾಪ ಅದನ್ನೇ ಹುಡುಕುತ್ತ ಕೂತಿದೆ. ಆಗಲೂ ನಾನು ನಿಮ್ಮ ಬಗ್ಗೆ ಕೆಟ್ಟದ್ದು ಎಣಿಸಲಿಲ್ಲ, ಮರೆತಿರಬೇಕು ಅಂದುಕೊಂಡೆ.

ಹೋದ ವರ್ಷ ಓಲ್ಡ್ ಟೌನಿನ ಫೋಟೋ ಸ್ಟುಡಿಯೋ ಓಬಯ್ಯನಿಗೆ ನೀವು ಅದೇ ಪ್ರೋಗ್ರಾಂ ಕೊಟ್ಟದ್ದು ನೆನಪಿತ್ತು. ದೊಡ್ಡಮ್ಮನನ್ನು ನೋಡಿ ಬರುತ್ತೇನೆಂದು ಸುಳ್ಳು ಹೇಳಿ ಬುಧವಾರ ಭದ್ರಾವತಿ ಬಸ್ಸು ಹತ್ತಿದೆ. ಓಬಯ್ಯ ಸಂಭ್ರಮದಿಂದ ಕೂರಿಸಿ, ನಿಮ್ಮನ್ನು ಹೊಗಳಿದ್ದೂ ಹೊಗಳಿದ್ದೇ. 'ಅಣ್ಣ ಎಷ್ಟ್ ಚೆನ್ನಾಗಿ ಹೇಳ್ಕೊಟ್ರು ಗೊತ್ತಾ ಅಕ್ಕಾ? ಇದನ್ನ ಇನ್‌ಸ್ಟಾಲ್ ಮಾಡೋದೇ ಬೇಡ, ಫೋಲ್ಡರ್ ಕಾಪಿ ಮಾಡ್ಕೊಂಡ್ರೆ ಸಾಕು. ಆದ್ರೆ ತಾನಾಗೇ ಫೈಲ್‌ಗಳಿಗೆ ಅಂಟ್ಕೊಳಲ್ಲ, ಯಾವ ಪ್ರೋಗ್ರಾಂನಲ್ಲಿ ತೆರೀಬೇಕು ಅಂತ ನಾವೇ ತೋರಿಸ್ಬೇಕು. ಫೈಲ್ ಮೇಲೆ ಮೌಸಿನ ಬಲಗಡೆ ಬಟನ್ ಒತ್ತಿ ಓಪನ್ ವಿತ್ ಅಂತ ಹೇಳಿ, ಯಾವಾಗ್ಲೂ ಇದರಲ್ಲೇ ತೆರಿ ಅನ್ನೋದಕ್ಕೆ ಟಿಕ್ ಹಾಕು. ಪೆನ್ ಡ್ರೈವ್‌ನಲ್ಲಿರೋದನ್ನ ಮಾತ್ರ ಯಾವತ್ತೂ ತೋರಿಸ್ಬೇಡ, ಅದನ್ನ ಕಿತ್ಕೊಂಡು ಹೋದ್ರೆ ಒಂದ್ ಫೈಲೂ ತೆರೆಯಲ್ಲ ಅಂದ್ರು.' ಇಷ್ಟು ಹೇಳಿ ಟೀ ತರಿಸಿದ. ಟೀ ಹಾಗೇ ಬಿಟ್ಟು, ಆ ಫೋಲ್ಡರನ್ನು ನನಗೊಂದು ಸಿ.ಡಿ.ಗೆ ತುಂಬಿಕೊಡು ಎಂದೆ.

ಥೂ! ನಿಮಗೆ ಎಲ್ಲವೂ ಗೊತ್ತಿತ್ತು. ಊರಿನವನಿಗೆ ಕೂರಿಸಿ ಬಿಡಿಸಿ ಹೇಳಿದ್ದೀರಿ, ಒಡಹುಟ್ಟಿದವನಿಗೆ ಕರಪ್ಟ್ ಎಂದಿದ್ದೀರಿ. ಯಾವುದನ್ನು ಮಾಡಬಾರದೆಂದು ಓಬಯ್ಯನಿಗೆ ಎಚ್ಚರಿಸಿದಿರೋ ಅದನ್ನೇ ಸ್ವಂತ ಅಂಗಡಿಯಲ್ಲಿ ಬೇಕೆಂದೇ ಮಾಡಿಟ್ಟು ಹೋದಿರಿ, ಅಪ್ಪ ಬಂದು ಗೋಗರೆಯಲಿ ಎಂದು. ನಿಮ್ಮ ಜಗಳ ಮಾವನವರ ಜೊತೆ, ವಿಶ್ವನ ಜೊತೆ. ಖಾಜಾ ಪೀರ್ ನಿಮಗೇನು ಮಾಡಿದ್ದರು? ಮಾಹಿರಾ ಏನು ಮಾಡಿದ್ದಳು? ಅವರು ಅಂಗಡಿಯಲ್ಲೇ ಕಾದು ನಿಂತಿದ್ದಾರೆಂದು ವಿಶ್ವ ಫೋನಿನಲ್ಲಿ ಹೇಳಿದ ಮೇಲೂ ನಿಮ್ಮ ಬಾಯಿಂದ ನಿಜ ಬರಲಿಲ್ಲವಲ್ಲ, ಅದು ನನಗೆ ಹೇಸಿಗೆ. ಸಿಟ್ಟಾದರೆ ಇಳಿಯುತ್ತದೆ. ಇದು ಸಿಟ್ಟಲ್ಲ. ನಿಮ್ಮ ಅಂಗಿ ಮಡಚಿಡುವಾಗಲೂ ಕೈಗೆ ಏನೋ ಮೆತ್ತಿಕೊಂಡ ಹಾಗಾಗುತ್ತದೆ.

ಓಬಯ್ಯ ತುಂಬಿಕೊಟ್ಟ ಫೋಲ್ಡರನ್ನು ತಂದು ನಮ್ಮ ಕಂಪ್ಯೂಟರಿನ ಡಿ ಡ್ರೈವಿನಲ್ಲಿ ಇಟ್ಟೆ, ಅಲ್ಲಿಂದ ಯಾರೂ ಕಿತ್ತುಕೊಂಡು ಹೋಗಲಾಗದ ಹಾಗೆ. ಅವನು ಹೇಳಿದಂತೆ ತೋರಿಸಿ ಟಿಕ್ ಹಾಕಿ, ಫೈಲು ಒತ್ತಿ ಕಣ್ಣು ಮುಚ್ಚಿದೆ. ಬಿಟ್ಟು ನೋಡಿದರೆ ಮಾಹಿರಾಳ ಕಾರ್ಡು, ಎರಡೂ ಬದಿ, ಮೇಷ್ಟ್ರು ಮಾಡಿಸಿದ ಉರ್ದು ಒಂದು ಚುಕ್ಕೆ ಆಚೀಚೆ ಆಗದೆ ಕೂತಿತ್ತು. ನಾನು ಅಲ್ಲೇ ಅತ್ತುಬಿಟ್ಟೆ. ವಿಶ್ವನಿಗೆ ಸರಿಹೋಯಿತು ಎಂದಷ್ಟೇ ಹೇಳಿದ್ದೇನೆ, ಹೇಗೆ ಕೆಟ್ಟಿತ್ತೆಂದು ಹೇಳಿಲ್ಲ. ಶುಕ್ರವಾರ ಕಾರ್ಡುಗಳು ಅಚ್ಚಾಗಿ ಹೋದವು. ಈಗ ದಿನಾ ಮಧ್ಯಾಹ್ನ ನಾನು ಕಂಪ್ಯೂಟರಿನಲ್ಲಿ ಕೂರುತ್ತೇನೆ, ವಿಶ್ವನೂ ಪಕ್ಕದಲ್ಲಿ ಕೂತು ಕಲಿಯುತ್ತಾನೆ. ಮಾವನವರು ಅದಕ್ಕೆ ಅಡ್ಡಿ ಮಾಡಿಲ್ಲ.

ನಿಮ್ಮ ಅಕ್ಕನವರಿಗೂ ಭಾವನವರಿಗೂ ನನ್ನ ನಮಸ್ಕಾರ ತಿಳಿಸಿ, ಅವರಿಗೆ ಮನಸ್ಸಿನಿಂದಲೇ ಹೇಳುತ್ತಿದ್ದೇನೆ. ಸ್ಫೂರ್ತಿ ಮುತ್ತು ಕಳಿಸಿದ್ದಾಳೆ. ಖಾರ ಕಡಿಮೆ ತಿನ್ನಿ.

ಇಂತು,
ಜಗದಾಂಬಾ

ಮರೆತಿದ್ದೆ. ಪೋಸ್ಟ್ ಡಬ್ಬ ತೆರೆಯುವ ಹೊತ್ತಾಯಿತು, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಕಾರ್ಡು ಒಯ್ಯಲು ಬಂದಾಗ ಖಾಜಾ ಪೀರ್ ಸಾಬರು 'ಯಾರಮ್ಮಾ ಸರಿ ಮಾಡಿದ್ದು?' ಎಂದು ಕೇಳಿದರು. ನನ್ನ ಗಂಡ ಸುಳ್ಳು ಹೇಳಿದ ಅನ್ನಲು ನಾಲಿಗೆ ಏಳಲಿಲ್ಲ. ನಮ್ಮವರೇ ದಾವಣಗೆರೆಯಿಂದ ಫೋನಿನಲ್ಲಿ ಒಂದೊಂದಾಗಿ ಹೇಳಿಕೊಟ್ಟರು ಎಂದುಬಿಟ್ಟೆ. ಅವರ ಕಣ್ಣಲ್ಲಿ ನೀರು ಬಂತು. ಕಟ್ಟಿನಿಂದ ಮೊದಲನೆಯ ಕಾರ್ಡು ತೆಗೆದು ನಿಮ್ಮ ಹೆಸರು ಬರೆಸಿ ಇಟ್ಟುಹೋಗಿದ್ದಾರೆ. ಮದುವೆ ದಿನ ಬೀಗರೆಲ್ಲರ ಎದುರು ನಿಮ್ಮ ಎರಡೂ ಕೈ ಹಿಡಿದು 'ನನ್ನ ಮಾನ ಉಳಿಸಿದ್ದು ಇವ್ರೇ' ಎಂದು ಹೇಳಬೇಕಂತೆ. ಬನ್ನಿ. ಎದುರಿಗೆ ನಿಂತು ಕೇಳಿಸಿಕೊಳ್ಳಿ. ಪಕ್ಕದಲ್ಲಿ ನಾನೂ ನಿಂತಿರುತ್ತೇನೆ.